‘ಕಾರಿನವನು ನನ್ನನ್ನು ನೋಡಿಯೇ ಅಡ್ಡ ಬಂದ’: ಬೈಕ್ ಸವಾರರ ಈ ಮಾತು ಎಷ್ಟು ನಿಜ?

ಇಂಥದ್ದೊಂದು ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಸಿಸಿಟಿವಿ ದೃಶ್ಯ. ಹಗಲು ಹೊತ್ತು, ರಸ್ತೆಯಲ್ಲಿ ಅಷ್ಟೇನೂ ವಾಹನಗಳಿಲ್ಲ. ಡಿವೈಡರ್ ನಡುವಿನ ಸಂದಿಯಲ್ಲಿ ಒಂದು ಕಾರು ಯು-ಟರ್ನ್ ತೆಗೆದುಕೊಳ್ಳಲು ನಿಂತಿದೆ. ಎದುರಿನಿಂದ ಬೈಕೊಂದು ಬರುತ್ತಿದೆ. ಕಾರಿನವನು ಕತ್ತು ಹೊರಳಿಸಿ ನೋಡುತ್ತಾನೆ, ಆಮೇಲೂ ಬೈಕ್ ಹತ್ತಿರ ಬಂದ ಹೊತ್ತಿಗೇ ಸರಿಯಾಗಿ ಕಾರು ತಿರುಗಿಸುತ್ತಾನೆ. ಬೈಕ್ ಸವಾರ ಕೂದಲೆಳೆಯ ಅಂತರದಲ್ಲಿ ಪಾರು. ಕೆಳಗಿನ ಬರಹ: ‘ಕಣ್ಣಿದ್ದೂ ಕುರುಡ. ಬೇಕಂತಲೇ ಮಾಡಿದ್ದು. ಶೇರ್ ಮಾಡಿ.’

ಬೈಕ್ ಓಡಿಸುವ ಯಾರನ್ನೇ ಕೇಳಿ, ಇಂಥ ಹತ್ತು ಕತೆಗಳು ಸಿಗುತ್ತವೆ. ‘ನನ್ನ ಮುಖವನ್ನೇ ನೋಡಿದ, ಆದರೂ ನುಗ್ಗಿಸಿದ’ ಎನ್ನುವುದು ಬಹುತೇಕ ಎಲ್ಲದರಲ್ಲೂ ಇರುವ ಸಾಲು. ಅದರ ಜೊತೆಗೆ ಬರುವ ಸಲಹೆಗಳೂ ಹೆಚ್ಚುಕಡಿಮೆ ಅವೇ. ಹಾರ್ನ್ ಒತ್ತಿ ಹಿಡಿ, ಹೈಬೀಮ್ ಹೊಡಿ, ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ, ಆಮೇಲೆ ಬೆನ್ನಟ್ಟಿ ಹಿಡಿದು ಕೇಳು. ಈ ನಂಬಿಕೆ ಮತ್ತು ಸಲಹೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಇಲ್ಲಿ ನೋಡೋಣ.

ಇದು ಸಣ್ಣ ವಿಷಯವಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅಂದರೆ ಒಂದೇ ವರ್ಷದಲ್ಲಿ ಸುಮಾರು 75 ಸಾವಿರ ಜನ.

ನೋಡಿದರೂ ಕಾಣದಿರುವುದು ಸಾಧ್ಯವೇ?

ಸಾಧ್ಯ. ಅಷ್ಟೇ ಅಲ್ಲ, ಇದು ದಿನವೂ ನಡೆಯುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಕೂಲಂಕಷವಾಗಿ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿತು. ಬೈಕಿಗೆ ಬೇರೆ ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಭಾಗ, ಆ ಇನ್ನೊಂದು ವಾಹನ ಬೈಕಿನ ದಾರಿಗೆ ಅಡ್ಡ ಬಂದದ್ದರಿಂದ ಆದವು. ಅಡ್ಡ ಬಂದದ್ದಕ್ಕೆ ವರದಿ ಕಂಡುಕೊಂಡ ಮುಖ್ಯ ಕಾರಣ, ಚಾಲಕರು ಬೈಕನ್ನು ಗುರುತಿಸದೇ ಇದ್ದದ್ದು. ಲಾಸ್ ಏಂಜಲೀಸ್ ಎಲ್ಲಿ, ನಮ್ಮ ಸಿಲ್ಕ್ ಬೋರ್ಡ್ ಎಲ್ಲಿ ಎಂದು ನೀವು ಕೇಳಬಹುದು. ರಸ್ತೆ ಬೇರೆ, ನಿಜ. ಆದರೆ ಮನುಷ್ಯರ ಕಣ್ಣು ಮತ್ತು ಮಿದುಳು ಎರಡೂ ಕಡೆ ಒಂದೇ.

ನಮ್ಮ ಕಣ್ಣು ರಸ್ತೆಯನ್ನು ವಿಡಿಯೋ ಕ್ಯಾಮೆರಾದ ಹಾಗೆ ಸರಾಗವಾಗಿ ಸವರುವುದಿಲ್ಲ. ಅದು ಜಿಗಿಯುತ್ತದೆ. ಒಂದು ಕಡೆ ನಿಲ್ಲುತ್ತದೆ, ಪಟ್ಟನೆ ಇನ್ನೊಂದು ಕಡೆ ಹಾರುತ್ತದೆ. ಹಾರುವ ಆ ಕ್ಷಣದಲ್ಲಿ ಕಾಣುವುದನ್ನು ಮಿದುಳು ಬಹುಮಟ್ಟಿಗೆ ಕೈಬಿಡುತ್ತದೆ, ಆಮೇಲೆ ನಡುವಿನ ಖಾಲಿ ಜಾಗ ನಮಗೆ ಗೊತ್ತೇ ಆಗದಂತೆ ತುಂಬಿಬಿಡುತ್ತದೆ. ನಂಬಿಕೆ ಬರದಿದ್ದರೆ ಈಗಲೇ ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ನಿಮ್ಮ ಕಣ್ಣುಗುಡ್ಡೆ ಅಲುಗಾಡುವುದು ನಿಮಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿಯೇ ಕಾಣುತ್ತದೆ. ಅದೇ ಪ್ರಯೋಗವನ್ನು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ಮಾಡಿದರೆ ಕಣ್ಣು ಅಲುಗಾಡುವುದು ಕಾಣುತ್ತದೆ. ಏಕೆಂದರೆ ಫೋನಿನ ಪರದೆ ಒಂಚೂರು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ನಿಮ್ಮ ಕಣ್ಣು ಬಂದು ನಿಂತಿರುತ್ತದೆ.

ಕ್ರಾಸ್‌ನಲ್ಲಿ ಅವಸರದಲ್ಲಿ ಕತ್ತು ಆ ಕಡೆ ಈ ಕಡೆ ಹೊರಳಿಸುವ ಚಾಲಕನ ಕಣ್ಣು ಇಂಥ ಎರಡು ಮೂರು ಜಿಗಿತ ಹಾಕಿರುತ್ತದೆ. ಬಸ್ಸು, ಲಾರಿ ಅಗಲವಾಗಿವೆ, ಯಾವುದಾದರೂ ಒಂದು ನಿಲುಗಡೆಯಲ್ಲಿ ಸಿಕ್ಕಿಬಿಡುತ್ತವೆ. ಎದುರಿನಿಂದ ಬರುವ ಬೈಕಿನ ಅಗಲ ಒಂದು ಮೀಟರೂ ಇಲ್ಲ. ಎರಡು ನಿಲುಗಡೆಗಳ ನಡುವಿನ ಸಂದಿಯಲ್ಲಿ ಅದು ಬಿದ್ದುಹೋದರೆ ಚಾಲಕನ ಲೆಕ್ಕದಲ್ಲಿ ರಸ್ತೆ ಖಾಲಿ.

ಇನ್ನು ಕಾರಿನ ಗಾಜಿನ ಪಕ್ಕದ ಕಂಬ. ಚಾವಣಿಯನ್ನು ಹೊತ್ತಿರುವ ಆ ಕಂಬ ಗಟ್ಟಿಯಾಗಿದ್ದಷ್ಟೂ ಕಾರು ಮಗುಚಿದಾಗ ಒಳಗಿದ್ದವರಿಗೆ ರಕ್ಷಣೆ, ಹೊರಗಿದ್ದವರಿಗೆ ಮರೆ. ಇದಕ್ಕೂ ನಿಮ್ಮ ಕೈಯಲ್ಲಿರುವ ಫೋನೇ ಸಾಕು. ಒಂದು ಕಣ್ಣು ಮುಚ್ಚಿ, ಫೋನನ್ನು ಉದ್ದುದ್ದವಾಗಿ ತೋಳಿನಷ್ಟು ದೂರ ಹಿಡಿಯಿರಿ. ಹತ್ತು ಮೀಟರ್ ಆಚೆ ನಿಮ್ಮ ಕಡೆಗೇ ಬರುತ್ತಿರುವ ಬೈಕು, ಸವಾರನ ಸಮೇತ, ಅದರ ಹಿಂದೆ ಅಡಗಿಹೋಗುತ್ತದೆ. ಕಾರಿನ ಕಂಬ ಫೋನಿಗಿಂತ ತೆಳ್ಳಗೇನೂ ಇರುವುದಿಲ್ಲ.

ಮೂರನೆಯದು ನಮಗೆ ಅತ್ಯಂತ ಕುತೂಹಲ ಅನ್ನಿಸಿದ ಸಂಗತಿ. ಕೆರೆಯ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆ ಇನ್ನೊಂದು ಚಿಟ್ಟೆಯನ್ನು ಬೆನ್ನಟ್ಟುವಾಗ, ಎದುರಾಳಿಯ ಕಣ್ಣಿಗೆ ತಾನು ಒಂದೇ ಜಾಗದಲ್ಲಿ ನಿಂತ ಹಾಗೆ ಕಾಣುವಂಥ ದಾರಿಯಲ್ಲಿ ಹಾರುತ್ತದೆ. ಹಿನ್ನೆಲೆಗೆ ಹೋಲಿಸಿದರೆ ಅದು ಅಕ್ಕಪಕ್ಕ ಸರಿಯುವುದಿಲ್ಲ, ಬರೀ ನಿಧಾನವಾಗಿ ದೊಡ್ಡದಾಗುತ್ತದೆ. ನಿಂತಿರುವ ಕಾರಿನ ಕಡೆಗೆ ನೇರವಾಗಿ ಬರುವ ಬೈಕೂ ಚಾಲಕನ ಕಣ್ಣಿಗೆ ಹೀಗೇ. ದೂರದಲ್ಲಿದ್ದಾಗ ಚುಕ್ಕಿಯ ಹಾಗೆ ಅಲುಗಾಡದೆ ನಿಂತಿರುತ್ತದೆ, ಹತ್ತಿರ ಬಂದ ಮೇಲೆ ಒಮ್ಮೆಲೇ ಕಣ್ಣಿನ ತುಂಬಾ ಬೆಳೆಯುತ್ತದೆ. ಅದಕ್ಕೇ ಡಿಕ್ಕಿಯಾದ ಮೇಲೆ ಚಾಲಕ ‘ಎಲ್ಲಿಂದ ಬಂದನೋ ಗೊತ್ತಿಲ್ಲ ಸಾರ್’ ಅನ್ನುತ್ತಾನೆ. ಪ್ರತಿ ಸಲವೂ ಅದು ನೆಪವಲ್ಲ. ಕಂಡರೂ ತೊಂದರೆಯಿದೆ. ಚಿಕ್ಕ ವಸ್ತು ದೂರದಲ್ಲಿದೆ, ತಡವಾಗಿ ಬಂದು ಮುಟ್ಟುತ್ತದೆ ಎಂದು ನಾವು ಅಂದಾಜು ಮಾಡುತ್ತೇವೆ ಎನ್ನುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಷ್ಟೇ ದೂರದಲ್ಲಿ ಅಷ್ಟೇ ವೇಗದಲ್ಲಿ ಬರುವ ಟಿಪ್ಪರ್ ಮುಂದೆ ಯು-ಟರ್ನ್ ಹಾಕದವನು ಬೈಕಿನ ಮುಂದೆ ಹಾಕುವುದಕ್ಕೆ ಧೈರ್ಯ ಮಾತ್ರ ಕಾರಣವಲ್ಲ.

ಗಮನದ ಮಾತಂತೂ ಬೇಡವೇ ಬೇಡ. ಬಾಸ್ಕೆಟ್‌ಬಾಲ್ ಪಾಸ್‌ಗಳನ್ನು ಎಣಿಸಲು ಹೇಳಿ, ನಡುವೆ ಗೊರಿಲ್ಲಾ ವೇಷದವರೊಬ್ಬರನ್ನು ನಡೆಸಿಕೊಂಡು ಹೋದ 1999ರ ಆ ಪ್ರಸಿದ್ಧ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಜನ ಗೊರಿಲ್ಲಾವನ್ನು ನೋಡಲೇ ಇಲ್ಲ. ಕಾರಿನವನು ಬಸ್ಸಿಗಾಗಿ ನೋಡುತ್ತಿದ್ದಾನೆ. ನೀವು ಗೊರಿಲ್ಲಾ.

ಹಾಗಾದರೆ ತಪ್ಪು ಅವನದ್ದಲ್ಲವೇ?

ಅವನದ್ದೇ. ಸರಿಯಾಗಿ ನೋಡಿ, ಖಚಿತಪಡಿಸಿಕೊಂಡು ತಿರುಗಿಸುವುದು ಅವನ ಹೊಣೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಮೊದಲ ಸಲ 6 ತಿಂಗಳಿಂದ 1 ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿಯಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು, ಸಿಗ್ನಲ್ ಜಂಪ್, ಒನ್‌ವೇಯಲ್ಲಿ ಎದುರಿಗೆ ಬರುವುದು ಇವೆಲ್ಲ 2019ರ ತಿದ್ದುಪಡಿಯ ನಂತರ ಇದೇ ಸೆಕ್ಷನ್‌ನಲ್ಲಿ ಬರುತ್ತವೆ. ಬೇಕಂತಲೇ ಗಾಡಿ ನುಗ್ಗಿಸುವವರು, ಓವರ್‌ಟೇಕ್ ಮಾಡಿದ ಸಿಟ್ಟಿಗೆ ಬೈಕನ್ನು ಅಂಚಿಗೆ ಒತ್ತುವವರು ಇಲ್ಲವೆಂದೂ ನಾವು ಹೇಳುತ್ತಿಲ್ಲ. ಇದ್ದಾರೆ.

ಆದರೆ ಸವಾರನ ಮಟ್ಟಿಗೆ ಒಂದು ವ್ಯತ್ಯಾಸವಿದೆ. ‘ನೋಡಿದ್ದಾನೆ, ನಿಲ್ಲುತ್ತಾನೆ’ ಎಂದುಕೊಂಡವನು ಅದೇ ವೇಗದಲ್ಲಿ ಮುಂದುವರಿಯುತ್ತಾನೆ. ‘ನಾನು ಅವನಿಗೆ ಕಂಡಿಲ್ಲ’ ಎಂದುಕೊಂಡವನು ಆಕ್ಸಿಲರೇಟರ್ ಬಿಟ್ಟು ಬ್ರೇಕಿನ ಮೇಲೆ ಬೆರಳಿಟ್ಟಿರುತ್ತಾನೆ. ಚಾಲಕನ ಮುಖ ನಿಮ್ಮ ಕಡೆ ತಿರುಗಿದೆ ಎನ್ನುವುದು ಯಾವ ಖಾತ್ರಿಯೂ ಅಲ್ಲ. ಮುಖ ನೋಡುವ ಬದಲು ಕಾರಿನ ಮುಂದಿನ ಚಕ್ರ ನೋಡಿ. ಗಾಡಿ ಹೊರಡುವುದು ಮೊದಲು ಗೊತ್ತಾಗುವುದು ಅಲ್ಲಿಯೇ. ಮುಂದೆ ಜಾಗವಿದ್ದು, ಪಕ್ಕ-ಹಿಂದೆ ಯಾರೂ ಇಲ್ಲದಿದ್ದರೆ ನಿಮ್ಮ ಲೇನ್‌ನೊಳಗೇ ನಿಧಾನವಾಗಿ ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಆ ಚಲನೆ ಚಾಲಕನ ಕಣ್ಣನ್ನು ಎಳೆಯುತ್ತದೆ, ಚುಕ್ಕಿ ಅಲುಗಾಡಿದ ಹಾಗೆ. ಹಾವಿನ ಹಾಗೆ ಹೊರಳಾಡಿ ಎಂದು ಇದರ ಅರ್ಥವಲ್ಲ.

ಹಗಲಿನಲ್ಲಿ ಹೆಡ್‌ಲೈಟ್ ಉರಿಯುವುದೂ ಇದೇ ಕಾರಣಕ್ಕೆ. ದೇಶದಲ್ಲಿ ಏಪ್ರಿಲ್ 2017ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಸ್ಟಾರ್ಟ್ ಆದರೆ ಲೈಟ್ ತಾನಾಗಿಯೇ ಉರಿಯಬೇಕು ಎಂಬ ನಿಯಮವಿದೆ. ಈಗಲೂ ಎದುರಿಗೆ ಬರುವ ಯಾರೋ ಒಬ್ಬರು ಬೆರಳು ಅರಳಿಸಿ ಮಡಚಿ ‘ಲೈಟ್ ಆನ್ ಇದೆ’ ಎಂದು ಸನ್ನೆ ಮಾಡುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅಂದರೆ ಲೈಟ್ ತನ್ನ ಕೆಲಸ ಮಾಡಿದೆ, ನೀವು ಅವರಿಗೆ ಕಂಡಿದ್ದೀರಿ. ಸ್ವಿಚ್ ಹಾಕಿಸಿಕೊಂಡು ಅದನ್ನು ಆರಿಸಬೇಡಿ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆಯೇ?

ಈ ಫಾರ್ವರ್ಡ್ ಅಪಾಯಕಾರಿ. ಊರಿನಲ್ಲಿ ಬೈಕ್ ಕಲಿಸಿಕೊಟ್ಟ ಅಣ್ಣನೋ ಮಾವನೋ ಮೊದಲ ದಿನವೇ ಹೇಳಿರುತ್ತಾರೆ, ‘ಮುಂದಿನದು ಮುಟ್ಟಬೇಡ’. ಕೆಲವರು ಆ ಬ್ರೇಕನ್ನು ಸಡಿಲ ಮಾಡಿಸಿಯೇ ಇಟ್ಟಿರುತ್ತಾರೆ.

ಬಿಎಂಟಿಸಿ ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ ವಾಲುತ್ತಾರಲ್ಲ, ಬೈಕಿನ ಭಾರವೂ ಹಾಗೆಯೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಭಾರ ಬಿದ್ದ ಚಕ್ರಕ್ಕೆ ರಸ್ತೆಯ ಹಿಡಿತ ಹೆಚ್ಚು. ಹಿಂದಿನ ಚಕ್ರ ಹಗುರಾಗುತ್ತದೆ, ಅದಕ್ಕೆ ಬ್ರೇಕ್ ಜೋರಾಗಿ ಒತ್ತಿದರೆ ಅದು ಉರುಳುವುದನ್ನು ಬಿಟ್ಟು ಜಾರುತ್ತದೆ. ಹೀಗಾಗಿ ಒಣ ಡಾಂಬರಿನ ಮೇಲೆ ಬೈಕನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕ್.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೂ 14 ಮೀಟರ್ ಆಗಲೇ ಮುಗಿಯಿತು. ಎರಡೂ ಬ್ರೇಕ್ ಚೆನ್ನಾಗಿ ಹಾಕಿದರೆ ಅಲ್ಲಿಂದ ಇನ್ನೂ ಸುಮಾರು 14 ಮೀಟರ್. ಒಟ್ಟು 28. ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ಬ್ರೇಕಿನ ದೂರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆ ಹೆಚ್ಚುವರಿ 14 ಮೀಟರ್ ಎಂದರೆ ಒಂದು ಬಸ್ಸಿನ ಉದ್ದಕ್ಕಿಂತ ಜಾಸ್ತಿ.

ವೇಗದ ಲೆಕ್ಕ ಇನ್ನೂ ಕಟು. 50ರಲ್ಲಿದ್ದ ಬೈಕ್ 28 ಮೀಟರಿಗೆ ಪೂರ್ತಿ ನಿಂತಿತು. ಅದೇ ರಸ್ತೆ, ಅದೇ ಬ್ರೇಕ್, ಅದೇ ಒಂದು ಸೆಕೆಂಡ್, ಆದರೆ ವೇಗ 60 ಆಗಿದ್ದರೆ? 28ನೇ ಮೀಟರಿನಲ್ಲಿ ಆ ಬೈಕ್ ಇನ್ನೂ ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿರುತ್ತದೆ. ಒಬ್ಬ ಕಾರಿನ ಬಾಗಿಲ ಪಕ್ಕ ನಿಂತು ಬೈಯುತ್ತಾನೆ, ಇನ್ನೊಬ್ಬ 40ರ ವೇಗದಲ್ಲಿ ಅದೇ ಬಾಗಿಲಿಗೆ ಹೊಡೆಯುತ್ತಾನೆ.

ಹರ್ಟ್ ವರದಿಯೂ ಇದನ್ನು ಕಂಡಿತ್ತು. ಅಪಘಾತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲಿಲ್ಲ. ತಪ್ಪಿಸಿಕೊಳ್ಳಲು ಅವರಿಗೆ ಸಿಕ್ಕ ಸಮಯ ಸಾಮಾನ್ಯವಾಗಿ 2 ಸೆಕೆಂಡಿಗಿಂತ ಕಡಿಮೆ.

ಹಾಗಾದರೆ ಆ ‘ಪಲ್ಟಿ’ ಎಲ್ಲಿಂದ ಬಂತು? ಬ್ರೇಕನ್ನು ಒಮ್ಮೆಲೇ ಕಚ್ಚಿ ಹಿಡಿಯುವುದರಿಂದ. ಭಾರ ಮುಂದಕ್ಕೆ ಬರುವ ಮೊದಲೇ ಲಿವರ್ ಕಿತ್ತುಬರುವಂತೆ ಎಳೆದರೆ ಚಕ್ರ ಜಾಮ್ ಆಗುತ್ತದೆ. ಮೊದಲು ಮೃದುವಾಗಿ ಹಿಡಿದು, ಮುಂಭಾಗ ಕುಗ್ಗಿದ್ದು ಅರಿವಾದ ಕೂಡಲೇ ಬಲವಾಗಿ ಹಿಂಡಬೇಕು, ಒದ್ದೆ ಬಟ್ಟೆ ಹಿಂಡುವಂತೆ. ತಿರುವಿನಲ್ಲಿ ಬೈಕ್ ವಾಲಿರುವಾಗ, ಮರಳು, ಜಲ್ಲಿ, ಮೊದಲ ಮಳೆಯ ಎಣ್ಣೆ ಜಾರಿಕೆ ಇರುವಲ್ಲಿ ಮುಂದಿನ ಬ್ರೇಕ್ ಹಗುರವಾಗಿರಬೇಕು, ಈ ಮಟ್ಟಿಗೆ ಹಿರಿಯರ ಎಚ್ಚರಿಕೆ ಸರಿ. 2019ರಿಂದ 125 ಸಿಸಿಗಿಂತ ಹೆಚ್ಚಿನ ಬೈಕುಗಳಲ್ಲಿ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಗಿ ಬರುತ್ತಿದೆ, ಅದಕ್ಕಿಂತ ಚಿಕ್ಕವುಗಳಲ್ಲಿ ಕನಿಷ್ಠ ಎರಡೂ ಚಕ್ರಕ್ಕೆ ಬ್ರೇಕ್ ಹಂಚುವ ಸಿಬಿಎಸ್ ಇರುತ್ತದೆ. ಖಾಲಿ ಮೈದಾನದಲ್ಲೋ ಭಾನುವಾರ ಬೆಳಗಿನ ಲೇಔಟ್ ರಸ್ತೆಯಲ್ಲೋ 20-30ರ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿ. ಆ 2 ಸೆಕೆಂಡಿನಲ್ಲಿ ಯೋಚಿಸಲು ಆಗುವುದಿಲ್ಲ, ಕೈಗೆ ಅಭ್ಯಾಸ ಇದ್ದದ್ದೇ ಆಗುವುದು.

ಕಣ್ಣಿನ ವಿಷಯವೂ ಇಲ್ಲಿದೆ. ಗಾಬರಿಯಲ್ಲಿ ಅಡ್ಡ ಬಂದ ಕಾರನ್ನೇ ದಿಟ್ಟಿಸಿದರೆ ಬೈಕ್ ಅಲ್ಲಿಗೇ ಹೋಗುತ್ತದೆ. ಕಾರಿನ ಹಿಂದೆ ಖಾಲಿ ಜಾಗ ಇದ್ದರೆ ಆ ಜಾಗವನ್ನು ನೋಡಬೇಕು. ಹೇಳುವುದು ಸುಲಭ, ಮಾಡುವುದು ಕಷ್ಟ, ಅದಕ್ಕೂ ಅಭ್ಯಾಸವೇ ದಾರಿ.

ಹಾರ್ನ್, ಹೈಬೀಮ್

ಹಾರ್ನ್ ಬ್ರೇಕಿಗೆ ಬದಲಿ ಅಲ್ಲ. ಗಾಜು ಏರಿಸಿ, ಎಸಿ ಹಾಕಿ, ಹಾಡು ಕೇಳುತ್ತಿರುವವನಿಗೆ, ದಿನವಿಡೀ ಹಾರ್ನ್ ಕೇಳಿ ಕಿವಿ ಮರಗಟ್ಟಿರುವ ಊರಿನಲ್ಲಿ, ನಿಮ್ಮ ಪೀಂ ಎನ್ನುವುದು ಇನ್ನೊಂದು ಪೀಂ ಅಷ್ಟೇ. ಮೊದಲೇ ಎಚ್ಚರಿಸಲು ಸರಿ. ಹೈಬೀಮ್ ಮಿಣುಕಿಸುವುದಂತೂ ಇಬ್ಬಗೆ. ನಿಮ್ಮ ಪಾಲಿಗೆ ‘ನಾನು ಬರುತ್ತಿದ್ದೇನೆ, ನಿಲ್ಲು’, ಎದುರಿನವನಿಗೆ ‘ಹೋಗಿ ಸಾರ್, ಬಿಟ್ಟಿದ್ದೇನೆ’.

ಬಸ್ಸು, ಲಾರಿಯ ಎಡಗಡೆ

ಇದೊಂದರಲ್ಲಿ ಪ್ರಾಣ ಉಳಿಸುವ ಫಾರ್ವರ್ಡ್ ನಿಜಕ್ಕೂ ಇದೆ, ಹಂಚಿಕೊಳ್ಳಬಹುದು. ಮಿರರ್‌ನಲ್ಲಿ ಡ್ರೈವರ್‌ನ ಮುಖ ನಿಮಗೆ ಕಾಣದಿದ್ದರೆ, ಡ್ರೈವರ್‌ಗೆ ನೀವು ಕಾಣುತ್ತಿಲ್ಲ. ಮುಖ ಕಂಡರೂ ಅವರು ಆಗ ಮಿರರ್ ನೋಡುತ್ತಿದ್ದಾರೆ ಎಂದಲ್ಲ, ಆದರೆ ಕಾಣದಿದ್ದರಂತೂ ಅವಕಾಶವೇ ಇಲ್ಲ. ಎಡಕ್ಕೆ ತಿರುಗುವ ಬಸ್ಸಿನ ಮುಂದಿನ ಚಕ್ರ ಸಾಗಿದ ದಾರಿಯಲ್ಲಿ ಹಿಂದಿನ ಚಕ್ರ ಸಾಗುವುದಿಲ್ಲ, ಅದು ಒಳಕ್ಕೆ, ಫುಟ್‌ಪಾತಿನ ಹತ್ತಿರಕ್ಕೆ ಕತ್ತರಿಸಿಕೊಂಡು ಬರುತ್ತದೆ. ‘ಜಾಗ ಇದೆಯಲ್ಲ’ ಎಂದು ಎಡಕ್ಕೆ ನುಸುಳಿದ ಬೈಕಿಗೆ ಆ ಜಾಗ ಕ್ಷಣದಲ್ಲಿ ಮಾಯ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಓಡಾಡುವವರಿಗೆ ಇನ್ನೊಂದು ಗೊತ್ತಿರುತ್ತದೆ. ಹಿಂದೆ ಲೈಟೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್. ಎದುರಿನ ಲೈಟ್ ಕಣ್ಣಿಗೆ ಹೊಡೆದು ಮುಂದೆ ಕತ್ತಲಾದರೆ, ಏನೂ ಇಲ್ಲ ಎಂದುಕೊಳ್ಳದೆ ವೇಗ ಇಳಿಸುವುದೊಂದೇ ಮದ್ದು.

‘ಸಮಯ ನಿಂತುಹೋದ ಹಾಗಿತ್ತು’

ಕೂದಲೆಳೆಯಲ್ಲಿ ಪಾರಾದವರು ಇದನ್ನು ಹೇಳುತ್ತಾರೆ. ಎಲ್ಲವೂ ಸ್ಲೋ ಮೋಷನ್‌ನಲ್ಲಿ ನಡೆಯಿತು, ಅವನ ಮುಖ, ಅಂಗಿಯ ಬಣ್ಣ ಕೂಡ ಕಂಡಿತು ಎಂದು. ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಲು ಜನರನ್ನು 31 ಮೀಟರ್ ಎತ್ತರದಿಂದ ಬಲೆಯ ಮೇಲೆ ಬೀಳಿಸಿದರು. ಬೀಳುವಾಗ ಮಣಿಕಟ್ಟಿನ ಸಾಧನದಲ್ಲಿ ತೀರಾ ವೇಗವಾಗಿ ಮಿನುಗುವ ಅಂಕಿ ಓದಬೇಕಿತ್ತು. ಸಮಯ ನಿಜಕ್ಕೂ ನಿಧಾನವಾಗಿದ್ದರೆ ಓದಲು ಆಗಬೇಕಿತ್ತು, ಆಗಲಿಲ್ಲ. ಆದರೆ ತಮ್ಮ ಬೀಳುವಿಕೆ ಬೇರೆಯವರದ್ದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೊತ್ತು ಹಿಡಿಯಿತು ಎಂದು ಅವರಿಗೆ ಅನ್ನಿಸಿತ್ತು. 2007ರಲ್ಲಿ ಪ್ರಕಟವಾದ ಈ ಅಧ್ಯಯನದ ವಿವರಣೆ ಹೀಗಿದೆ: ಭಯದ ಹೊತ್ತಿನ ನೆನಪು ದಟ್ಟವಾಗಿ ಅಚ್ಚಾಗುತ್ತದೆ, ಅದಕ್ಕೇ ಆಮೇಲೆ ನೆನೆದಾಗ ಉದ್ದವಾಗಿ ಕಾಣುತ್ತದೆ. ಅಂದರೆ ಅಪಾಯದ ಹೊತ್ತಿನಲ್ಲಿ ನಿಮಗೆ ಹೆಚ್ಚುವರಿ ಸಮಯವೇನೂ ಸಿಗುವುದಿಲ್ಲ.

ಪಾರಾದ ಮೇಲೆ ಎದೆ ಹೊಡೆದುಕೊಳ್ಳುವುದು, ಕೈಕಾಲು ನಡುಗುವುದು, ಬಾಯಿ ಒಣಗುವುದು ಅಡ್ರಿನಲಿನ್ ಕೆಲಸ, ಹೇಡಿತನವಲ್ಲ. ಅದರ ಹಿಂದೆಯೇ ಸಿಟ್ಟು ಉಕ್ಕುತ್ತದೆ. ಬೆನ್ನಟ್ಟುವ ಸಲಹೆ ಕೆಟ್ಟದ್ದು ಎನ್ನುವುದು ಇದಕ್ಕೇ. ಗಮನ ಒಂದೇ ಬಿಂದುವಿಗೆ ಕುಗ್ಗಿದೆ, ಕೈ ನಡುಗುತ್ತಿದೆ, ಕಣ್ಣೆಲ್ಲ ಆ ಕಾರಿನ ಮೇಲಿದೆ, ಪಕ್ಕದ ಕ್ರಾಸಿನಿಂದ ಬರುವ ಆಟೋ ಆಗ ನಿಮಗೇ ಗೊರಿಲ್ಲಾ. ಎಡಕ್ಕೆ ತೆಗೆದು, ಬೈಕಿನಿಂದ ಇಳಿದು, ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಹೊರಡಿ. ಹಿಂದೆ ಹೆಂಡತಿಯೋ ಮಗುವೋ ಕೂತಿದ್ದರಂತೂ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ.

ಕಾರಿನ ನಂಬರ್, ಸಮಯ, ಜಾಗ ನೆನಪಿದ್ದರೆ ಅಲ್ಲೇ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರ ಅಸ್ತ್ರಂ ಆಪ್‌ನಲ್ಲಿ ಉಲ್ಲಂಘನೆಯ ಫೋಟೋ ಹಾಕಿ ದೂರು ಕೊಡಬಹುದು. ಬೆದರಿಕೆ, ಬೆನ್ನಟ್ಟುವಿಕೆ ನಡೆಯುತ್ತಿದ್ದರೆ 112. ನಂಬರ್ ಪ್ಲೇಟನ್ನು ಗ್ರೂಪುಗಳಿಗೆ ಹರಿಬಿಡುವುದು ಮಾತ್ರ ಬೇಡ. ಒಂದು ಅಂಕಿ ತಪ್ಪಾದರೆ ಸಂಬಂಧವೇ ಇಲ್ಲದ ಇನ್ಯಾರದೋ ಮನೆಗೆ ಬೈಗುಳ ಹೋಗುತ್ತದೆ. ಬೇರೆ ರಾಜ್ಯದ, ಎಷ್ಟೋ ವರ್ಷ ಹಳೆಯ ವಿಡಿಯೋಗೆ ‘ಇವತ್ತು ಬೆಳಿಗ್ಗೆ ನಮ್ಮೂರಿನಲ್ಲಿ’ ಎಂದು ಅಂಟಿಸಿ ಓಡಿಸುವುದೂ ಇಂಥ ವಿಡಿಯೋಗಳಲ್ಲೇ ಹೆಚ್ಚು.

‘ಬಿದ್ದವರನ್ನು ಮುಟ್ಟಬೇಡಿ, ಪೊಲೀಸ್ ಕೇಸ್ ನಿಮ್ಮ ತಲೆಗೇ’ ಎನ್ನುವ ಫಾರ್ವರ್ಡ್ ಕೂಡ ಈಗ ಸುಳ್ಳು. ಸುಪ್ರೀಂ ಕೋರ್ಟ್ 2016ರಲ್ಲಿ ನೆರವಾದವರಿಗೆ ರಕ್ಷಣೆಯ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು, ಕರ್ನಾಟಕ ಅದಕ್ಕಾಗಿ ಪ್ರತ್ಯೇಕ ಕಾಯ್ದೆ ತಂದಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಉದ್ದೇಶದಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ, ಆಸ್ಪತ್ರೆ ಅವರನ್ನು ತಡೆದು ನಿಲ್ಲಿಸುವಂತಿಲ್ಲ, ದಾಖಲು ಮಾಡಿಕೊಳ್ಳಲು ಅವರಿಂದ ಹಣ ಕೇಳುವಂತಿಲ್ಲ.